ಒಟ್ಟಾಗಿ ರೇಟ್ ಏರಿಸುವ ಕಂಪನಿಗೆ ಯಾವ ಶಿಕ್ಷೆ? ನಮಗೇಕೆ ಅಷ್ಟು ಸಿಟ್ಟು ಬರುವುದಿಲ್ಲ?

2025ರ ಡಿಸೆಂಬರಿನಲ್ಲಿ ಇಂಡಿಗೋ ಸಾವಿರಾರು ವಿಮಾನಗಳನ್ನು ರದ್ದು ಮಾಡಿತು. ಮಂಗಳೂರು, ಕಣ್ಣೂರು ವಿಮಾನ ನಿಲ್ದಾಣಗಳನ್ನೇ ನಂಬಿಕೊಂಡ ಕಾಸರಗೋಡಿನವರಿಗೆ ಅದು ದೂರದ ಸುದ್ದಿ ಆಗಿರಲಿಲ್ಲ. ದೇಶದೊಳಗೆ ವಿಮಾನ ಹತ್ತುವ ನೂರು ಜನರಲ್ಲಿ ಅರವತ್ತಕ್ಕೂ ಜಾಸ್ತಿ ಮಂದಿ ಒಂದೇ ಕಂಪನಿಯನ್ನು ನೆಚ್ಚಿಕೊಂಡಿದ್ದಾರೆ ಅಂದಮೇಲೆ, ಆ ಕಂಪನಿ ಎಡವಿದ ದಿನ ಉಳಿದವರ ಟಿಕೆಟ್ ದರ ಎಲ್ಲಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆಗ ಎಲ್ಲರ ಬಾಯಲ್ಲೂ ಬಂದ ಪ್ರಶ್ನೆ ಒಂದೇ: ಇವರನ್ನು ಕೇಳುವವರು ಯಾರೂ ಇಲ್ವಾ?

ಇದ್ದಾರೆ. ದೆಹಲಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಂತ ಒಂದಿದೆ. ಪತ್ರಿಕೆಗಳಲ್ಲಿ ಸಿಸಿಐ ಎಂದು ಬರುವುದು ಇದೇ. ಇಂಡಿಗೋ ವಿಷಯವನ್ನೂ ಅದು ಅದೇ ತಿಂಗಳು ಪರಿಶೀಲನೆಗೆ ಎತ್ತಿಕೊಂಡಿತು. ಅದಕ್ಕೆ ಸ್ವಲ್ಪ ಮೊದಲು, ನವೆಂಬರಿನಲ್ಲಿ, ಆಪಲ್ ಕಂಪನಿ ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಿತ್ತು. ಭಾರತದ ಹೊಸ ದಂಡದ ನಿಯಮ ಹಾಗೇ ಉಳಿದರೆ ತನಗೆ 3,800 ಕೋಟಿ ಡಾಲರ್‌ವರೆಗೆ ದಂಡ ಬೀಳಬಹುದು ಎಂಬುದು ಅದರ ತಕರಾರು. ರೂಪಾಯಿ ಅಲ್ಲ, ಡಾಲರ್.

ಇಷ್ಟು ದೊಡ್ಡ ದಂಡ ಯಾವ ತಪ್ಪಿಗೆ? ಯಾರು ಲೆಕ್ಕ ಹಾಕುತ್ತಾರೆ? ಜನರಿಗೆ ಇದು ನ್ಯಾಯ ಅನ್ನಿಸುತ್ತದಾ? ಕೊನೆಯ ಪ್ರಶ್ನೆಯೇ ಇಲ್ಲಿ ಮುಖ್ಯ, ಆದರೆ ಅಲ್ಲಿಗೆ ಹೋಗಲು ಮೊದಲಿನ ಎರಡನ್ನು ದಾಟಲೇಬೇಕು.

ರೇಟ್ ಜಾಸ್ತಿ ಇರುವುದೇ ತಪ್ಪಲ್ಲ

ಓಣಂ, ಪೆರ್ನಾಳ್ (ಈದ್) ಸಮಯದಲ್ಲಿ ಗಲ್ಫಿನ ಟಿಕೆಟ್ ದರ ಗಗನಕ್ಕೇರುವುದು ನಮಗೆಲ್ಲ ಗೊತ್ತು. ಆದರೆ ಸ್ಪರ್ಧಾ ಕಾಯಿದೆಯ ಕಣ್ಣಿಗೆ ಬರೀ ದುಬಾರಿ ದರ ಅಪರಾಧ ಅಲ್ಲ. ಸೀಟು ಕಡಿಮೆ, ಹೋಗುವವರು ಜಾಸ್ತಿ ಆದಾಗ ಪ್ರತಿ ಕಂಪನಿ ತನ್ನಷ್ಟಕ್ಕೆ ದರ ಏರಿಸಿದರೆ ಅದು ವ್ಯಾಪಾರ. ಕಂಪನಿಗಳು ಒಬ್ಬರಿಗೊಬ್ಬರು ಮಾತಾಡಿಕೊಂಡು ಏರಿಸಿದರೆ ಮಾತ್ರ ಅದು ಒಳಒಪ್ಪಂದ. ಕಾಯಿದೆ ಅದನ್ನು ಕಾರ್ಟೆಲ್ ಎನ್ನುತ್ತದೆ, ನಾವು ಸಿಂಡಿಕೇಟ್ ಎನ್ನುತ್ತೇವೆ.

ವ್ಯತ್ಯಾಸ ತಿಳಿಯಲು ನಮ್ಮ ಅಡಿಕೆಯನ್ನೇ ನೋಡಿ. ಬದಿಯಡ್ಕದಲ್ಲಿ ನಾಲ್ಕು ಅಡಿಕೆ ಅಂಗಡಿ ಇವೆ ಅಂತಿಟ್ಟುಕೊಳ್ಳಿ. ಮಂಗಳೂರಿನಲ್ಲಿ ಧಾರಣೆ ಕಿಲೋಗೆ ಹತ್ತು ರೂಪಾಯಿ ಇಳಿದ ಸುದ್ದಿ ಬೆಳಿಗ್ಗೆ ಬರುತ್ತದೆ, ನಾಲ್ವರೂ ಹತ್ತು ರೂಪಾಯಿ ಇಳಿಸುತ್ತಾರೆ. ನಾಲ್ಕೂ ಕಡೆ ಒಂದೇ ರೇಟ್, ಆದರೂ ತಪ್ಪಿಲ್ಲ. ಹಿಂದಿನ ರಾತ್ರಿಯೇ ಒಬ್ಬರಿಗೊಬ್ಬರು ಫೋನ್ ಮಾಡಿ "ನಾಳೆ ಹೊಸ ಅಡಿಕೆಗೆ ಇಷ್ಟೇ, ಯಾರೂ ಮೇಲೆ ಹೋಗುವುದು ಬೇಡ" ಎಂದು ನಿಶ್ಚಯಿಸಿದ್ದರೆ ಅದು ತಪ್ಪು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಕಷ್ಟ ಇರುವುದೇ ಅಲ್ಲಿ. ಅಂದಹಾಗೆ ಕಾಯಿದೆ ಮಾರುವ ಬೆಲೆಗೆ ಮಾತ್ರ ಅಲ್ಲ, ಕೊಳ್ಳುವ ಬೆಲೆಗೂ ಅನ್ವಯಿಸುತ್ತದೆ. ಬೆಳೆಗಾರನಿಗೆ ಕೊಡುವ ರೇಟನ್ನು ವ್ಯಾಪಾರಿಗಳು ಒಟ್ಟಾಗಿ ತಗ್ಗಿಸುವುದೂ ಕಾರ್ಟೆಲ್ಲೇ.

ವಿಮಾನದ ವಿಷಯದಲ್ಲಿ ಈ ಎರಡೂ ಆಗಿವೆ. ಪ್ರಯಾಣಿಕರ ಟಿಕೆಟ್ ದರದ ಬಗ್ಗೆ ತನಿಖೆ ನಡೆಸಿದ ಆಯೋಗ, ಒಳಒಪ್ಪಂದಕ್ಕೆ ಸಾಕ್ಷಿ ಇಲ್ಲ ಎಂದು 2021ರಲ್ಲಿ ಕಡತ ಮುಚ್ಚಿತು. ಸರಕು ಸಾಗಾಟಕ್ಕೆ ಹಾಕುವ ಇಂಧನ ಸರ್‌ಚಾರ್ಜನ್ನು ಜೊತೆಯಾಗಿ ಏರಿಸಿದ ಆರೋಪದಲ್ಲಿ ಮಾತ್ರ ಜೆಟ್ ಏರ್‌ವೇಸ್, ಇಂಡಿಗೋ, ಸ್ಪೈಸ್‌ಜೆಟ್ ಮೂರಕ್ಕೂ ಸೇರಿ 2018ರಲ್ಲಿ ಸುಮಾರು 54 ಕೋಟಿ ರೂಪಾಯಿ ದಂಡ ಹಾಕಿತು.

ಎರಡನೆಯ ದೊಡ್ಡ ತಪ್ಪು ಬೇರೆ ಥರದ್ದು. ಒಬ್ಬನೇ ಬಲಾಢ್ಯ, ಆ ಬಲವನ್ನು ಉಳಿದವರನ್ನು ಹೊರಗಿಡಲು ಬಳಸುತ್ತಾನೆ. ಇಲ್ಲೂ ದೊಡ್ಡದಾಗುವುದು ತಪ್ಪಲ್ಲ, ದೊಡ್ಡತನವನ್ನು ದುರುಪಯೋಗ ಮಾಡುವುದು ತಪ್ಪು. 2022ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ ಬಿದ್ದ 1,337.76 ಕೋಟಿ ರೂಪಾಯಿ ದಂಡ ಈ ಜಾತಿಯದು. ಫೋನ್ ತಯಾರಿಸುವ ಕಂಪನಿಗಳಿಗೆ ಗೂಗಲ್‌ನ ಆ್ಯಪ್‌ಗಳನ್ನು ಕಂತೆಯಾಗಿಯೇ ಹಾಕಬೇಕು ಎಂದು ಷರತ್ತು ಹಾಕಿದ್ದು ಅದರಲ್ಲಿ ಒಂದು ಮುಖ್ಯ ದೂರು.

ಹಾಗಾದರೆ ಕ್ಯಾಂಪ್ಕೋ?

ನಮ್ಮ ಕಡೆ ಇದನ್ನು ವಿವರಿಸಲು ಹೊರಟರೆ ಮೊದಲು ಬರುವ ಪ್ರಶ್ನೆ ಇದು. 1970ರ ಆಸುಪಾಸಿನಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ, ಕರ್ನಾಟಕ ಮತ್ತು ಕೇರಳ ಎರಡೂ ಸರಕಾರಗಳ ಬೆಂಬಲದಿಂದ 1973ರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. ಬೆಳೆಗಾರರೆಲ್ಲ ಸೇರಿ ಒಂದೇ ಸಂಸ್ಥೆಯ ಮೂಲಕ ಮಾರುವುದೂ ಒಟ್ಟುಗೂಡುವುದೇ ಅಲ್ವಾ?

ಒಟ್ಟುಗೂಡುವುದು ಹೌದು. ಆದರೆ ಕ್ಯಾಂಪ್ಕೋ ಬಾಗಿಲು ತೆರೆದು, ಬೋರ್ಡಿನಲ್ಲಿ ರೇಟ್ ಬರೆದು, ಖಾಸಗಿ ವ್ಯಾಪಾರಿಯ ಎದುರು ಪೈಪೋಟಿಗೆ ನಿಲ್ಲುವ ಸಂಸ್ಥೆ. ಅದು ಬಂದ ಮೇಲೆ ಬೆಳೆಗಾರನಿಗೆ ಇನ್ನೊಂದು ಬಾಗಿಲು ಸಿಕ್ಕಿತು. ಕಾರ್ಟೆಲ್ ಇರುವ ಬಾಗಿಲುಗಳನ್ನೆಲ್ಲ ಗುಟ್ಟಾಗಿ ಒಂದೇ ಮಾಡುತ್ತದೆ. ಅಮೆರಿಕದಲ್ಲಂತೂ ರೈತರ ಸಹಕಾರಿ ಸಂಘಗಳಿಗೆ ರಕ್ಷಣೆ ಕೊಡಲೆಂದೇ 1922ರಲ್ಲಿ ಒಂದು ಕಾಯಿದೆ ಮಾಡಿದರು. ನಮ್ಮಲ್ಲಿ ಸಂಘ ಎಂಬ ಹೆಸರಿದ್ದ ಮಾತ್ರಕ್ಕೆ ಯಾರಿಗೂ ರಿಯಾಯಿತಿ ಸಿಗುವುದಿಲ್ಲ. ಕೇರಳದ ಎರಡು ಕೇಸುಗಳೇ ಅದಕ್ಕೆ ಸಾಕ್ಷಿ.

ಒಂದು ಕೋಯಿಕ್ಕೋಡಿನ ಕ್ರೌನ್ ಥಿಯೇಟರಿನದು. ಆ ಥಿಯೇಟರಿಗೆ ಹೊಸ ಸಿನಿಮಾ ಕೊಡಬೇಡಿ ಎಂದು ಕೇರಳದ ಚಿತ್ರ ಪ್ರದರ್ಶಕರ ಒಕ್ಕೂಟ ವಿತರಕರ ಮೇಲೆ ಒತ್ತಡ ಹಾಕಿತು ಎಂಬುದು ದೂರು. 2015ರಲ್ಲಿ ಆಯೋಗ ಒಕ್ಕೂಟಕ್ಕೂ ಅದರ ಪದಾಧಿಕಾರಿಗಳಿಗೂ ದಂಡ ಹಾಕಿತು. ಮೇಲ್ಮನವಿಯಲ್ಲಿ ಪದಾಧಿಕಾರಿಗಳು ಪಾರಾದರು. ಕೊನೆಗೆ 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆಯೋಗದ ಆದೇಶವನ್ನೇ ಎತ್ತಿಹಿಡಿಯಿತು. ಹತ್ತು ವರ್ಷದ ಈ ಜಗ್ಗಾಟದಲ್ಲಿ ಒಕ್ಕೂಟಕ್ಕೆ ಬಿದ್ದ ದಂಡ ಒಂದು ಲಕ್ಷ ರೂಪಾಯಿಗಿಂತಲೂ ಕಡಿಮೆ, ಅದೂ ಇರಲಿ.

ಇನ್ನೊಂದು ಔಷಧದ್ದು. ಹೊಸಬನೊಬ್ಬ ಔಷಧ ಕಂಪನಿಯ ಸ್ಟಾಕಿಸ್ಟ್, ಅಂದರೆ ಸಗಟು ವಿತರಕ, ಆಗಬೇಕಾದರೆ ಔಷಧ ವ್ಯಾಪಾರಿಗಳ ಸಂಘದಿಂದ ಎನ್‌ಒಸಿ (ತಕರಾರಿಲ್ಲ ಎಂಬ ಪತ್ರ) ತರಬೇಕು ಎಂಬ ಪದ್ಧತಿ ಬಹಳ ಕಾಲ ನಡೆದಿತ್ತು. ಇದು ಕಾಯಿದೆಗೆ ವಿರುದ್ಧ ಎಂದು ಆಯೋಗ ಹೇಳಿತು, ಕೇರಳದ ಸಂಘದ ಮೇಲೂ ಕ್ರಮ ಆಯಿತು. ಸಂಘ ತನ್ನ ಸದಸ್ಯರ ಪರವಾಗಿ ಸರಕಾರಕ್ಕೆ ಮನವಿ ಕೊಡಬಹುದು, ಮೆರವಣಿಗೆ ಮಾಡಬಹುದು. ಯಾರು ವ್ಯಾಪಾರಕ್ಕೆ ಇಳಿಯಬೇಕು, ಯಾರು ಇಳಿಯಬಾರದು ಎಂದು ತೀರ್ಮಾನಿಸುವ ಹಾಗಿಲ್ಲ.

ದಂಡದ ಲೆಕ್ಕ

ಸ್ಪರ್ಧಾ ಕಾಯಿದೆ 2002ರದ್ದು. ಒಳಒಪ್ಪಂದ ಮತ್ತು ದುರುಪಯೋಗದ ವಿರುದ್ಧದ ಭಾಗ ಜಾರಿಗೆ ಬಂದದ್ದು 2009ರ ಮೇ ತಿಂಗಳಲ್ಲಿ. ಸಾಮಾನ್ಯ ತಪ್ಪಿಗೆ ಕಳೆದ ಮೂರು ವರ್ಷದ ಸರಾಸರಿ ವಹಿವಾಟಿನ ನೂರಕ್ಕೆ ಹತ್ತರವರೆಗೆ ದಂಡ. ಕಾರ್ಟೆಲ್ ಆದರೆ ಅದು ನಡೆದ ಪ್ರತಿ ವರ್ಷಕ್ಕೂ ಲಾಭದ ಮೂರು ಪಟ್ಟು, ಅಥವಾ ವಹಿವಾಟಿನ ನೂರಕ್ಕೆ ಹತ್ತು, ಯಾವುದು ಜಾಸ್ತಿಯೋ ಅದರವರೆಗೆ. ವಹಿವಾಟು ಅಂದರೆ ಲಾಭ ಅಲ್ಲ, ಒಟ್ಟು ಮಾರಾಟದ ಮೊತ್ತ. ಹಾಗಾಗಿ ಹತ್ತು ಅಂದರೆ ಸಣ್ಣದಲ್ಲ.

ಜಗಳ ಇರುವುದು ಯಾವ ವಹಿವಾಟು ಎಂಬಲ್ಲಿ. ರೇಷನ್ ಅಕ್ಕಿಯ ಗೋದಾಮಿನಲ್ಲಿ ಹುಳ ಹಿಡಿಯದ ಹಾಗೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡುತ್ತಾರೆ. 2009ರಲ್ಲಿ ಭಾರತೀಯ ಆಹಾರ ನಿಗಮ (ಎಫ್‌ಸಿಐ) ಅದಕ್ಕೆ ಟೆಂಡರ್ ಕರೆದಾಗ ಮೂರು ಕಂಪನಿಗಳು ಬರೆದ ರೇಟ್ ಕಿಲೋಗೆ 388 ರೂಪಾಯಿ. ಮೂರದ್ದೂ ಅಷ್ಟೇ, ಒಂದು ಪೈಸೆ ಆಚೀಚೆ ಇಲ್ಲ. ಆಯೋಗ 2012ರಲ್ಲಿ ಕಂಪನಿಗಳ ಒಟ್ಟು ವಹಿವಾಟಿನ ನೂರಕ್ಕೆ ಒಂಬತ್ತು ದಂಡ ಹಾಕಿತು. ಯುನೈಟೆಡ್ ಫಾಸ್ಫರಸ್ ಒಂದಕ್ಕೇ 252 ಕೋಟಿ ದಾಟಿತು. 2017ರಲ್ಲಿ ಸುಪ್ರೀಂ ಕೋರ್ಟ್, ತಪ್ಪು ನಡೆದದ್ದು ಮಾತ್ರೆಯಲ್ಲಿ, ಆದ್ದರಿಂದ ಮಾತ್ರೆಯ ವಹಿವಾಟಿಗೆ ಮಾತ್ರ ದಂಡ ಎಂದಿತು. ಮೊತ್ತ ಕುಸಿಯಿತು.

2023ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು, ವಹಿವಾಟು ಅಂದರೆ ಇಡೀ ಜಗತ್ತಿನ ವಹಿವಾಟು ಎಂದು ಸೇರಿಸಿತು. 2024ರ ಮಾರ್ಗಸೂಚಿಯ ಪ್ರಕಾರ ಆಯೋಗ ಮೊದಲು ತಪ್ಪಿಗೆ ಸಂಬಂಧಪಟ್ಟ ವಹಿವಾಟಿನ ನೂರಕ್ಕೆ ಮೂವತ್ತರವರೆಗೆ ಲೆಕ್ಕ ಹಿಡಿಯಬಹುದು, ಆದರೆ ಕೊನೆಯ ಮೊತ್ತ ಕಾಯಿದೆಯ ಮಿತಿ ದಾಟಬಾರದು. ಆ ಮಿತಿ ಈಗ ಜಗತ್ತಿನ ವಹಿವಾಟಿನ ಮೇಲೆ. ಆಪಲ್ ಕೋರ್ಟಿಗೆ ಹೋದದ್ದು ಇದಕ್ಕೇ.

ಒಳಗಿನವನೇ ಬಂದು ಗುಟ್ಟು ಬಿಟ್ಟುಕೊಟ್ಟರೆ ರಿಯಾಯಿತಿ ಇದೆ. ಮೊದಲು ಬಂದವನಿಗೆ ಪೂರ್ತಿ ಮಾಫಿಯೂ ಆಗಬಹುದು, ಎರಡನೆಯವನಿಗೆ ಅರ್ಧದವರೆಗೆ, ಮೂರನೆಯವನಿಗೆ ನೂರಕ್ಕೆ ಮೂವತ್ತರವರೆಗೆ. ಬಿಯರ್ ಕೇಸಿನಲ್ಲಿ ಆದದ್ದು ಹೀಗೆಯೇ. ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಬಿಯರ್ ಬೆಲೆಯನ್ನು ಕಂಪನಿಗಳು ಮಾತಾಡಿಕೊಂಡು ನಡೆಸಿದ್ದವು. 2021ರ ಸೆಪ್ಟೆಂಬರಿನಲ್ಲಿ ಒಟ್ಟು ಸುಮಾರು 873 ಕೋಟಿ ದಂಡ ಬಿತ್ತು, ಅದರಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಪಾಲು 750 ಕೋಟಿಗೂ ಮೇಲೆ. ಮೊದಲು ಬಂದು ಬಾಯಿಬಿಟ್ಟ ಎಬಿ ಇನ್‌ಬೆವ್‌ಗೆ ಸೊನ್ನೆ.

ಓದುವಾಗ ಇದು ಅನ್ಯಾಯ ಅನ್ನಿಸುತ್ತದೆ. ಕದ್ದವರಲ್ಲೇ ಒಬ್ಬ ಕೈ ತೊಳೆದುಕೊಂಡು ಹೋದ ಹಾಗೆ. ಆದರೆ ಗುಟ್ಟಿನ ಮಾತಿಗೆ ಹೊರಗಿನವರು ಯಾರೂ ಸಾಕ್ಷಿ ಇರುವುದಿಲ್ಲ. ಮಾಫಿ ಇಟ್ಟರೆ ಕೂಟದ ಪ್ರತಿಯೊಬ್ಬನಿಗೂ ಪಕ್ಕದವನು ಇವತ್ತು ರಾತ್ರಿಯೇ ದೆಹಲಿಗೆ ಹೋಗಿಬಿಟ್ಟರೆ ಎಂಬ ಭಯ ಹುಟ್ಟುತ್ತದೆ. ಆ ಭಯ ಹುಟ್ಟಿಸುವುದಕ್ಕೇ ಈ ವ್ಯವಸ್ಥೆ.

ತಪ್ಪು ಹೌದು, ಆದರೆ ಜೈಲು?

ಜನ ಇದನ್ನು ಹೇಗೆ ನೋಡುತ್ತಾರೆ ಎಂದು ಹೊರದೇಶಗಳಲ್ಲಿ ಗಂಭೀರವಾಗಿ ಕೇಳಿ ನೋಡಿದ್ದಾರೆ. ಬ್ರಿಟನ್ನಿನಲ್ಲಿ ಆಂಡ್ರಿಯಾಸ್ ಸ್ಟೀಫನ್ ಎಂಬ ಕಾನೂನು ವಿದ್ವಾಂಸರು 2007ರಲ್ಲಿ 1,200ಕ್ಕೂ ಹೆಚ್ಚು ಮಂದಿಯ ಸಮೀಕ್ಷೆ ಮಾಡಿದರು. ಕಂಪನಿಗಳು ಸೇರಿ ಬೆಲೆ ನಿಗದಿ ಮಾಡುವುದರಿಂದ ಹಾನಿ ಇದೆ ಎಂದವರು ಹತ್ತರಲ್ಲಿ ಸುಮಾರು ಏಳು ಮಂದಿ. ಶಿಕ್ಷೆ ಬೇಕು ಎಂದವರು ಸುಮಾರು ಆರು. ಜೈಲಿಗೆ ಹಾಕಬೇಕು ಎಂದವರು? ಹತ್ತರಲ್ಲಿ ಒಬ್ಬರು. ಆಸ್ಟ್ರೇಲಿಯಾದಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದವರು 2010ರಲ್ಲಿ 1,300ಕ್ಕೂ ಹೆಚ್ಚು ಮಂದಿಯನ್ನು ಕೇಳಿದಾಗಲೂ ಹೆಚ್ಚುಕಮ್ಮಿ ಇದೇ ಚಿತ್ರ. ಕಾನೂನುಬಾಹಿರ ಆಗಬೇಕು ಎಂದವರು ಹತ್ತರಲ್ಲಿ ಏಳು, ಕ್ರಿಮಿನಲ್ ಅಪರಾಧ ಆಗಬೇಕು ಎಂದವರು ಅರ್ಧಕ್ಕಿಂತ ಕಡಿಮೆ.

ತಪ್ಪು ಎಂದು ಎಲ್ಲರೂ ತಲೆ ಆಡಿಸುತ್ತಾರೆ, ಶಿಕ್ಷೆಯ ಮಾತು ಬಂದಾಗ ದನಿ ತಗ್ಗುತ್ತದೆ. ಯಾಕೆ?

ಮುಖ್ಯ ಕಾರಣ ನಷ್ಟದ ಸ್ವಭಾವ. ಸಿಮೆಂಟ್ ಕಂಪನಿಗಳು ಮಾತಾಡಿಕೊಂಡು ಚೀಲಕ್ಕೆ ಇಪ್ಪತ್ತು ರೂಪಾಯಿ ಜಾಸ್ತಿ ಹಾಕಿದವು ಅಂತಿಟ್ಟುಕೊಳ್ಳಿ. ಮುಳ್ಳೇರಿಯದಲ್ಲಿ ಮನೆ ಕಟ್ಟುವವನಿಗೆ 500 ಚೀಲ ಬೇಕಾದರೆ ಹತ್ತು ಸಾವಿರ ರೂಪಾಯಿ ಹೋಯಿತು. ಆದರೆ ಹೋದದ್ದು ಅವನಿಗೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಕಾರ್ಟೆಲ್ ಇಲ್ಲದಿದ್ದರೆ ಚೀಲಕ್ಕೆ ಎಷ್ಟಿರುತ್ತಿತ್ತು ಎಂದು ಹೇಳುವ ಬೋರ್ಡು ಯಾವ ಅಂಗಡಿಯಲ್ಲೂ ಇರುವುದಿಲ್ಲ. ಅವನು ಬೈಯುವುದು ಅಂಗಡಿಯವನನ್ನು, ಅಂಗಡಿಯವನು ಹೇಳುವುದು "ಎಂತ ಮಾಡುವುದು, ಎಲ್ಲ ಕಡೆ ಅದೇ ರೇಟ್." ಆ ಮಾತು ಸುಳ್ಳೂ ಅಲ್ಲ. ಅದೇ ಹತ್ತು ಸಾವಿರ ಬಸ್ಸಿನಲ್ಲಿ ಜೇಬಿನಿಂದ ಹೋಗಿದ್ದರೆ ಪೊಲೀಸ್ ಸ್ಟೇಷನ್, ದೂರು, ವಾರಗಟ್ಟಲೆ ಮಾತು ಎಲ್ಲ ಆಗುತ್ತಿತ್ತು.

ಆಮೇಲೆ ತಪ್ಪು ಮಾಡಿದವನಿಗೆ ಮುಖ ಇಲ್ಲ. ಕಂಪನಿ ಅಂದರೆ ಒಂದು ಹೆಸರು, ಒಂದು ಲೋಗೊ. ಕೆಲವೊಮ್ಮೆ ನಮಗೆ ಇಷ್ಟದ ಲೋಗೊ. 2024ರ ನವೆಂಬರಿನಲ್ಲಿ ವಾಟ್ಸ್ಆ್ಯಪ್‌ನ ಖಾಸಗಿತನದ ನೀತಿಯ ವಿಷಯದಲ್ಲಿ ಮೆಟಾ ಕಂಪನಿಗೆ 213 ಕೋಟಿ ದಂಡ ಬಿದ್ದಾಗ ಆ ಸುದ್ದಿಯನ್ನು ಜನ ಹಂಚಿಕೊಂಡದ್ದೂ ವಾಟ್ಸ್ಆ್ಯಪ್‌ನಲ್ಲೇ. ಪುಕ್ಕಟೆ ಸಿಗುವ ವಸ್ತುವಿನಿಂದ ತನಗೆ ಏನು ನಷ್ಟ ಎಂದು ಕೇಳುವವನಿಗೆ ಉತ್ತರ ಕೊಡುವುದು ಸುಲಭ ಅಲ್ಲ. ಹೋದದ್ದು ದುಡ್ಡಲ್ಲ, ಮಾಹಿತಿ ಮತ್ತು ಆಯ್ಕೆ.

ಇನ್ನೊಂದು, ಸಣ್ಣ ಊರಿನಲ್ಲಿ ಒಟ್ಟಾಗಿ ರೇಟ್ ಇಡುವುದನ್ನು ನಾವು ಒಗ್ಗಟ್ಟು ಎಂದೇ ನೋಡಿ ಅಭ್ಯಾಸ. ಸಲೂನಿನವರ ಸಂಘ ಬೋರ್ಡು ಹಾಕಿ ಕಟಿಂಗಿಗೆ ಇಷ್ಟು ಎನ್ನುತ್ತದೆ, ಹೊಟ್ಟೆಪಾಡು ಅಂತ ಯಾರೂ ತಕರಾರು ಮಾಡುವುದಿಲ್ಲ. ಅದೇ ಕಣ್ಣಿನಿಂದ ಸಾವಿರಾರು ಕೋಟಿಯ ಕಂಪನಿಗಳನ್ನೂ ನೋಡಿದಾಗ ತಪ್ಪು ಹಗುರ ಕಾಣುತ್ತದೆ.

ದಿನಾ ತಿನ್ನುವ ವಸ್ತುವಾದರೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. ಕೆನಡಾದಲ್ಲಿ ಬ್ರೆಡ್ಡಿನ ಬೆಲೆಯನ್ನು 2001ರಿಂದ ವರ್ಷಗಟ್ಟಲೆ ಕಂಪನಿಗಳು ಸೇರಿ ಏರಿಸಿದ್ದವು. ಒಪ್ಪಿಕೊಂಡು ಮಾಫಿ ಪಡೆದ, ದಿನಸಿ ಅಂಗಡಿಗಳನ್ನು ನಡೆಸುವ ಲೋಬ್ಲಾ ಕಂಪನಿ ಗ್ರಾಹಕರಿಗೆ 25 ಡಾಲರಿನ ಕಾರ್ಡ್ ಕೊಡಲು ಹೊರಟಿತು. ಇಷ್ಟು ವರ್ಷ ಕಿತ್ತುಕೊಂಡದ್ದಕ್ಕೆ 25 ಡಾಲರಾ ಎಂದು ಜನ ಸಿಡಿಮಿಡಿಗೊಂಡರು. ಕೆನಡಾ ಬ್ರೆಡ್ ಕಂಪನಿಗೆ 2023ರಲ್ಲಿ 5 ಕೋಟಿ ಕೆನಡಾ ಡಾಲರ್ ದಂಡ ಆಯಿತು. 2024ರ ಮೇ ತಿಂಗಳಲ್ಲಿ ದಿನಸಿ ಬೆಲೆ ಏರಿಕೆಯ ಸಿಟ್ಟಿಗೆ ಜನರೇ ಸೇರಿ ಲೋಬ್ಲಾ ಅಂಗಡಿಗಳನ್ನು ಬಹಿಷ್ಕರಿಸಲು ಕರೆ ಕೊಟ್ಟರು.

ಜನರ ಅಭಿಪ್ರಾಯದಿಂದ ಕಾನೂನಿಗೆ ಏನಾಗಬೇಕು?

ಬಹಳ ಆಗಬೇಕು. ಬ್ರಿಟನ್ 2002ರಲ್ಲಿ ಕಾರ್ಟೆಲ್ ನಡೆಸುವ ಅಧಿಕಾರಿಗಳನ್ನು ಜೈಲಿಗೆ ಹಾಕುವ ಕಾಯಿದೆ ಮಾಡಿತು. ಆದರೆ ಆ ಕೆಲಸ ಅಪ್ರಾಮಾಣಿಕ ಎಂದು ಸಾಬೀತಾಗಬೇಕಿತ್ತು. ಅದನ್ನು ಅಳೆಯುವುದು ಸಾಮಾನ್ಯ ಸಭ್ಯ ಜನರ ದೃಷ್ಟಿಯಲ್ಲಿ. ಅಂದರೆ ಜನರೇ "ಇದೆಲ್ಲ ವ್ಯಾಪಾರದಲ್ಲಿ ಇರುವುದೇ" ಎಂದು ಬಿಟ್ಟರೆ ಆರೋಪಿ ಪಾರು. 2008ರಲ್ಲಿ ಮೂವರಿಗೆ ಜೈಲಾಯಿತು. 2010ರಲ್ಲಿ ಬ್ರಿಟಿಷ್ ಏರ್‌ವೇಸ್‌ನವರ ಮೇಲಿನ ಕೇಸು ಕುಸಿದುಬಿತ್ತು, ಅದಕ್ಕೆ ಕಾರಣ ಬೇರೆಯೇ ಇತ್ತು. 2014ರಲ್ಲಿ ಈ ಅಪ್ರಾಮಾಣಿಕತೆಯ ಷರತ್ತನ್ನೇ ತೆಗೆದುಹಾಕಿದರು. ಅಮೆರಿಕದಲ್ಲಿ 1890ರಿಂದಲೇ ಇದು ಅಪರಾಧ, ಈಗ ಹತ್ತು ವರ್ಷದವರೆಗೆ ಜೈಲು.

ಭಾರತದಲ್ಲಿ ಕಾರ್ಟೆಲ್ ಮಾಡಿದ್ದಕ್ಕೆ ಸ್ಪರ್ಧಾ ಕಾಯಿದೆಯಡಿ ಜೈಲಿಲ್ಲ. ಕಂಪನಿಯ ಜವಾಬ್ದಾರಿ ಹೊತ್ತ ವ್ಯಕ್ತಿಗಳಿಗೆ ಅವರ ಆದಾಯದ ಮೇಲೆ ದಂಡ ಹಾಕಬಹುದು. ಜೈಲು ಬೇಕು ಎನ್ನುವವರ ವಾದ ಸರಳ. ದಂಡ ಕಟ್ಟುವುದು ಕಂಪನಿ, ಅಂದರೆ ಷೇರುದಾರರು. ಫೋನ್ ಮಾಡಿ ರೇಟ್ ನಿಗದಿ ಮಾಡಿದ ಅಧಿಕಾರಿಯ ಸಂಬಳಕ್ಕೆ ಏನೂ ಆಗುವುದಿಲ್ಲ. ಬೇಡ ಎನ್ನುವವರು, ಜೈಲು ಅಂದಕೂಡಲೇ ಸಾಕ್ಷಿ ಇನ್ನೂ ಗಟ್ಟಿ ಬೇಕಾಗುತ್ತದೆ, ಕೇಸು ಇನ್ನೂ ಎಳೆಯುತ್ತದೆ ಎನ್ನುತ್ತಾರೆ. ಈಗಿನ ವೇಗ ನೋಡಿದರೆ ಎರಡನೆಯ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಸಿಮೆಂಟ್ ಕೇಸನ್ನೇ ನೋಡಿ. 2012ರಲ್ಲಿ 6,300 ಕೋಟಿಯ ದಂಡ. 2015ರಲ್ಲಿ ವಿಚಾರಣೆಯ ಕ್ರಮ ಸರಿ ಇಲ್ಲ ಎಂದು ರದ್ದು. 2016ರಲ್ಲಿ ಮತ್ತೆ ದಂಡ. 2018ರಲ್ಲಿ ಮೇಲ್ಮನವಿ ಮಂಡಳಿಯೂ ಎತ್ತಿಹಿಡಿಯಿತು. ಅದೇ ವರ್ಷ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 2012ರಲ್ಲಿ ತಾರಸಿ ಹಾಕಿಸಿದ ಮನೆಗೆ ಅಷ್ಟರಲ್ಲಿ ಎರಡು ಸಲ ಪೇಂಟ್ ಆಗಿರುತ್ತದೆ.

ದಂಡದ ದುಡ್ಡು ನಮಗೆ ಬರುತ್ತದಾ?

ಇಲ್ಲ. ಅದು ಭಾರತದ ಸಂಚಿತ ನಿಧಿಗೆ, ಅಂದರೆ ಸರಕಾರದ ಖಜಾನೆಗೆ ಹೋಗುತ್ತದೆ. ನಷ್ಟ ಆದವರು ಪರಿಹಾರ ಕೇಳಲು ಕಾಯಿದೆಯಲ್ಲಿ ದಾರಿ ಇದೆ, ಆದರೆ ತಪ್ಪು ನಡೆದಿದೆ ಎಂಬ ತೀರ್ಮಾನ ಬಂದ ಮೇಲೆ ಮಾತ್ರ. ಅಷ್ಟು ಹೊತ್ತಿಗೆ ಸಿಮೆಂಟಿನ ಬಿಲ್ಲು ಯಾರ ಹತ್ತಿರ ಇರುತ್ತದೆ ಹೇಳಿ.

ಕಂಪನಿ ದಂಡವನ್ನೂ ಬೆಲೆಗೆ ಸೇರಿಸಿ ನಮ್ಮಿಂದಲೇ ವಸೂಲು ಮಾಡುತ್ತದೆ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಅದು ಅರ್ಧ ಸರಿ. ಪೈಪೋಟಿ ನಿಜವಾಗಿ ಇದ್ದರೆ ದಂಡ ತಿಂದ ಕಂಪನಿ ಬೆಲೆ ಏರಿಸಿದ ತಕ್ಷಣ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ, ಹಾಗಾಗಿ ಏರಿಸಲು ಧೈರ್ಯ ಸಾಲದು. ಕೂಟ ಮುರಿಯದೆ ಉಳಿದಿದ್ದರೆ, ಅಥವಾ ಮಾರುಕಟ್ಟೆಯಲ್ಲಿ ಒಬ್ಬನೇ ಇದ್ದರೆ, ಆ ಭಯ ನಿಜ. ಅದಕ್ಕೇ ಆಯೋಗ ದಂಡದ ಜೊತೆಗೆ ಆ ವರ್ತನೆ ನಿಲ್ಲಿಸಿ ಎಂಬ ಆದೇಶವನ್ನೂ ಕೊಡುತ್ತದೆ. ಪತ್ರಿಕೆಯ ತಲೆಬರಹದಲ್ಲಿ ಬರುವುದು ಕೋಟಿಯ ಅಂಕಿ. ಗಿರಾಕಿಯ ಜೇಬಿಗೆ ಜಾಸ್ತಿ ಸಂಬಂಧ ಇರುವುದು ಆ ಆದೇಶಕ್ಕೆ.

ದೂರು ಕೊಡುವವರು ಯಾರು?

ಕಾಯಿದೆಯ ಪ್ರಕಾರ ಯಾರೂ ಕೊಡಬಹುದು. ವಕೀಲರೇ ಆಗಬೇಕೆಂದಿಲ್ಲ, ಸ್ವತಃ ನಷ್ಟ ಆಗಿರಬೇಕೆಂದೂ ಇಲ್ಲ. ಶುಲ್ಕ ಕಟ್ಟಬೇಕು, ಘಟನೆ ನಡೆದ ಮೂರು ವರ್ಷದೊಳಗೆ ಕೊಡಬೇಕು. ಹೆಸರು ಗುಟ್ಟಾಗಿ ಇಡಿ ಎಂದು ಕೇಳಿಕೊಳ್ಳಲೂ ಅವಕಾಶ ಇದೆ.

ಆದರೆ ಮೇಲೆ ಹೇಳಿದ ಕೇರಳದ ಕೇಸುಗಳಲ್ಲಿ ದೂರು ಕೊಟ್ಟವರು ಸಿನಿಮಾ ನೋಡುವವರಲ್ಲ, ಮಾತ್ರೆ ನುಂಗುವವರೂ ಅಲ್ಲ. ಪೂರ್ತಿ ವ್ಯಾಪಾರವೇ ನಿಂತುಹೋಗುವ ಸ್ಥಿತಿಗೆ ಬಂದ ಥಿಯೇಟರಿನವರು, ಸ್ಟಾಕಿಸ್ಟುಗಳು. ಅವರ ನಷ್ಟ ಒಂದೇ ಕಡೆ ಗುಡ್ಡೆ ಬಿದ್ದಿತ್ತು, ಕೈಯಲ್ಲಿ ಪತ್ರಗಳಿದ್ದವು. ಗಿರಾಕಿಯ ನಷ್ಟ ಲಕ್ಷಾಂತರ ಜೇಬುಗಳಲ್ಲಿ ಐದು, ಹತ್ತು ರೂಪಾಯಿಯಾಗಿ ಚದುರಿಹೋಗಿರುತ್ತದೆ. ಅಷ್ಟಕ್ಕೆ ಯಾರೂ ದೆಹಲಿಗೆ ಬರೆಯುವುದಿಲ್ಲ. ಬರೆದರೂ ರೇಟ್ ಒಂದೇ ಇದೆ ಎಂಬ ಬಿಲ್ಲುಗಳು ಮಾತ್ರ ಸಾಲುವುದಿಲ್ಲ. ಮಾತಾಡಿಕೊಂಡರು ಎಂದು ತೋರಿಸುವ ಏನಾದರೂ ಬೇಕು: ಸಂಘದ ಸುತ್ತೋಲೆ, ಸಭೆಯ ನಡಾವಳಿ, ಒಂದು ಇಮೇಲ್, ಗುಂಪಿನಲ್ಲಿ ಯಾರೋ ಅಜಾಗ್ರತೆಯಿಂದ ಹಾಕಿದ ವಾಟ್ಸ್ಆ್ಯಪ್ ಮೆಸೇಜು.